ಟ್ರಾನ್ಸ್‌ಫರ್, ಹೋಮ್‌ಸ್ಕೂಲ್, ಗ್ಯಾಪ್ ಇಯರ್: ನೇರ ದಾರೀಲಿ ಬರದೇ ಇರೋರಿಗೆ ಅಮೆರಿಕದಲ್ಲಿ ಯಾವ ಸೊರೊರಿಟಿ?

ಆಗಸ್ಟ್ ಹತ್ರ ಬಂತು ಅಂದ್ರೆ ಅಮೆರಿಕದಲ್ಲಿರೋ ಕನ್ನಡದ ಮನೆಗಳಲ್ಲಿ ಈ ಮಾತು ಶುರುವಾಗತ್ತೆ. ಮಗಳು ಸೊರೊರಿಟಿ (ಕಾಲೇಜ್ ಹುಡುಗೀರ ಸಂಘ) ಸೇರ್ತೀನಿ ಅಂತಾಳೆ, ಅಪ್ಪ ಅಮ್ಮಂಗೆ ಅದೇನು ಅಂತ ಪೂರ್ತಿ ಗೊತ್ತಿರಲ್ಲ, ಮಗಳಿಗೆ ಅದಕ್ಕಿಂತ ದೊಡ್ಡ ಚಿಂತೆ: ನಾನು ಎಲ್ಲರ ಥರ ಹೈಸ್ಕೂಲ್ ಮುಗ್ಸಿ ನೇರ ಬಂದೋಳಲ್ಲ, ನನ್ನನ್ನ ತಗೋತಾರಾ? ಒಬ್ಬಳು ಕಮ್ಯೂನಿಟಿ ಕಾಲೇಜಲ್ಲಿ ಎರಡು ವರ್ಷ ಓದಿ ಬಂದಿರ್ತಾಳೆ, ಇನ್ನೊಬ್ಬಳು ಮನೇಲೇ ಓದಿದೋಳು, ಮತ್ತೊಬ್ಬಳು ಪಿಯುಸಿ ಬೆಂಗಳೂರಲ್ಲಿ ಮುಗ್ಸಿ ಎರಡು ವರ್ಷ ಬಿಟ್ಟು ಇಲ್ಲಿಗೆ ಬಂದೋಳು, ಕೆಲವರು ಮದ್ವೆ ಮಕ್ಕಳು ಆದ್ಮೇಲೆ ಡಿಗ್ರಿಗೆ ಕೂತೋರು.

ತಗೋತಾರೆ. ನಾನು ನೋಡಿದ ಮಟ್ಟಿಗೆ ಬೇರೆ ಥರ ಓದಿರೋದು ತಾನಾಗೇ ಅಡ್ಡಿ ಆಗೋದು ಕಮ್ಮಿ. ಅಡ್ಡಿ ಆಗೋದು ಎರಡು ವಿಷಯ, ನಿಮ್ಗೆ ಆ ಕ್ಯಾಂಪಸ್‌ನಲ್ಲಿ ಇನ್ನೆಷ್ಟು ಸೆಮಿಸ್ಟರ್ ಉಳಿದಿದೆ ಅನ್ನೋದು ಮತ್ತೆ ಅವರ ಫಾರಮ್‌ಲಿ ನಿಮ್ಮ ಯಾವ ಮಾರ್ಕ್ಸ್ ಲೆಕ್ಕಕ್ಕೆ ಬರತ್ತೆ ಅನ್ನೋದು. ಎಲ್ಲರೂ ಹೋಗೋ ದೊಡ್ಡ ಬಾಗಿಲಿಗೇ ಹೋಗಿ ನಿಂತ್ಕೊಂಡು ಆಗ್ಲಿಲ್ಲ ಅಂತ ಬೇಜಾರು ಮಾಡ್ಕೊಳ್ಳೋರನ್ನ ನೋಡಿದ್ರೆ ನಂಗೆ ಸಂಕಟ ಆಗತ್ತೆ, ಯಾಕಂದ್ರೆ ಸೊರೊರಿಟಿ ಅಂದ್ರೆ ಒಂದೇ ಥರದ್ದಲ್ಲ, ಸೇರೋ ದಾರೀನೂ ಒಂದೇ ಅಲ್ಲ.

ಮೊದ್ಲು ಏನೇನು ನೋಡ್ಕೋಬೇಕು

ಉಳಿದಿರೋ ಸಮಯ ಎಲ್ಲಕ್ಕಿಂತ ಮುಖ್ಯ. ಸೇರಿದ ಮೊದಲ ಸೆಮಿಸ್ಟರ್ ಹೆಚ್ಚೂ ಕಮ್ಮಿ ಹೊಸ ಮೆಂಬರ್ ತರಬೇತೀಲೇ ಹೋಗತ್ತೆ. ನಾಲ್ಕು ಸೆಮಿಸ್ಟರ್ ಇರೋಳಿಗೆ ಕೈಗೆ ಸಿಗೋದು ಮೂರು, ಅದ್ರಲ್ಲಿ ಕೊನೇದು ಕೆಲಸ ಹುಡುಕೋದ್ರಲ್ಲಿ ಮುಗಿಯತ್ತೆ.

ಎರಡನೇದು ಜಿಪಿಎ, ಅಂದ್ರೆ 4ಕ್ಕೆ ಲೆಕ್ಕ ಹಾಕೋ ಸರಾಸರಿ ಗ್ರೇಡು. ಪ್ರತಿ ಸೊರೊರಿಟಿಗೂ ಅದರದ್ದೇ ಕನಿಷ್ಠ ಮಿತಿ ಇರತ್ತೆ, ಸಾಮಾನ್ಯವಾಗಿ 2.5 ಇಂದ 3.0 ಸುತ್ತಮುತ್ತ, ಕ್ಯಾಂಪಸ್ಸಿಂದ ಕ್ಯಾಂಪಸ್ಸಿಗೆ ಬದಲಾಗತ್ತೆ. ಹೈಸ್ಕೂಲಿಂದ ನೇರ ಬಂದ ಮೊದಲ ವರ್ಷದ ಫ್ರೆಶ್‌ಮನ್ ಆದ್ರೆ ಹೈಸ್ಕೂಲ್ ಜಿಪಿಎ ನೋಡ್ತಾರೆ, ಟ್ರಾನ್ಸ್‌ಫರ್ ಆದ್ರೆ ಕಾಲೇಜ್ ಜಿಪಿಎ. ಹೈಸ್ಕೂಲಲ್ಲಿ ಎಡವಿ ಕಮ್ಯೂನಿಟಿ ಕಾಲೇಜಲ್ಲಿ ಚೆನ್ನಾಗಿ ಓದಿದೋರಿಗೆ ಇದು ದೊಡ್ಡ ಲಾಭ. ಮನೇಲಿ ಓದಿದೋರಿಗೆ ಅಮ್ಮನೋ ಅಪ್ಪನೋ ತಯಾರು ಮಾಡಿದ ಟ್ರಾನ್ಸ್‌ಕ್ರಿಪ್ಟ್ ಇರತ್ತೆ, ಹೈಸ್ಕೂಲ್ ಬದಲು ಜಿಇಡಿ ಪರೀಕ್ಷೆ ಬರ್ದೋರಿಗೆ ಜಿಪಿಎ ಅನ್ನೋದೇ ಇರಲ್ಲ, ಫಾರಮ್‌ಲಿ ಮಾತ್ರ ಆ ಕಾಲಂ ಖಾಲಿ ಬಿಡಕ್ಕೆ ಬಿಡಲ್ಲ. ಇಂಥೋರು ಕಾಲೇಜಿನ ಫ್ರಟರ್ನಿಟಿ ಆಂಡ್ ಸೊರೊರಿಟಿ ಲೈಫ್ ಆಫೀಸಿಗೆ ರಿಜಿಸ್ಟ್ರೇಷನ್ ಮುಗಿಯಕ್ಕೆ ಒಂದೆರಡು ತಿಂಗಳು ಮುಂಚೆ ಈಮೇಲ್ ಮಾಡಿ, ನನ್ನ ವಿಷಯದಲ್ಲಿ ಯಾವ ದಾಖಲೆ ಲೆಕ್ಕ, ಯಾರು ಪರಿಶೀಲಿಸ್ತಾರೆ, ಈ ಸೆಮಿಸ್ಟರೇ ಆಗತ್ತಾ ಅಥವಾ ಇಲ್ಲಿನ ಒಂದು ಸೆಮಿಸ್ಟರ್ ಮಾರ್ಕ್ಸ್ ಬರೋವರೆಗೂ ಕಾಯ್ಬೇಕಾ ಅಂತ ಕೇಳಿ, ಉತ್ತರ ಬರವಣಿಗೇಲಿ ಇಟ್ಕೊಳ್ಳಿ. ಕರ್ನಾಟಕದಿಂದ ಬಂದೋರಿಗೆ ಇನ್ನೊಂದು ಎಚ್ಚರಿಕೆ, ಸೆಕೆಂಡ್ ಪಿಯುಸಿಲಿ 65 ಪರ್ಸೆಂಟ್ ಅಂದ್ರೆ ನಮ್ಗೆ ಫಸ್ಟ್ ಕ್ಲಾಸ್, ಅಮೆರಿಕದೋರ ಕಣ್ಣಿಗೆ 65 ಅಂದ್ರೆ ಡಿ ಗ್ರೇಡು. ಪರ್ಸೆಂಟೇಜ್‌ನ ಹಂಗೇ ತುಂಬ್ಬೇಡಿ, ಕಾಲೇಜಿಗೆ ಸೇರೋವಾಗ ಮಾಡ್ಸಿದ ಕ್ರೆಡೆನ್ಷಿಯಲ್ ಇವ್ಯಾಲ್ಯುಯೇಷನ್ ರಿಪೋರ್ಟ್ ಇರತ್ತಲ್ಲ, ಅದ್ರಲ್ಲಿರೋ ಜಿಪಿಎ ಬಳಸಬಹುದಾ ಅಂತ ಕೇಳಿ.

ಮೂರನೇದು ದುಡ್ಡು. ಛತ್ರ ಬುಕ್ ಮಾಡೋವಾಗ ಬಾಡಿಗೆ ಒಂದು ಹೇಳಿ ಆಮೇಲೆ ಲೈಟು, ಗ್ಯಾಸು, ಕ್ಲೀನಿಂಗ್ ಅಂತ ಬೇರೆ ಬೇರೆ ಹಾಕ್ತಾರಲ್ಲ, ಇದೂ ಹಂಗೇನೇ. ಡ್ಯೂಸ್ (ಮೆಂಬರ್ ಚಂದಾ) ಬೇರೆ, ಮೊದಲ ಸೆಮಿಸ್ಟರಿನ ಇನಿಷಿಯೇಷನ್ ಫೀ ಬೇರೆ, ಬ್ಯಾಡ್ಜ್ ಬೇರೆ, ಟೀ ಶರ್ಟು ಫಾರ್ಮಲ್ಲು ಬೇರೆ, ಮೀಟಿಂಗಿಗೆ ಬರದೇ ಇದ್ರೆ ಫೈನ್ ಬೇರೆ, ಹೌಸ್‌ಲಿ ಇರದೇ ಇದ್ರೂ ಊಟದ ದುಡ್ಡು ಕೆಲವು ಕಡೆ ಕಟ್ಲೇಬೇಕು. ಕಾಲೇಜ್ ಖರ್ಚಿಗೆ ಅಂತ ಇರೋ 529 ಉಳಿತಾಯ ಅಕೌಂಟಲ್ಲಿ ದುಡ್ಡಿಟ್ಟಿರೋ ಅಪ್ಪ ಅಮ್ಮಂದಿರು ಗಮನಿಸಿ, ಡ್ಯೂಸ್‌ಗೆ ಅದ್ರಿಂದ ತೆರಿಗೆ ಬೀಳದ ಹಾಗೆ ತೆಗೆಯೋ ಹಂಗಿಲ್ಲ, ಸೊರೊರಿಟಿ ಹೌಸ್‌ಲಿ ಇದ್ರೆ ರೂಮು ಊಟದ ಭಾಗಕ್ಕೆ ಕಾಲೇಜ್ ಹೇಳೋ ಮಿತಿವರೆಗೆ ತೆಗೀಬಹುದು.

ಕೊನೇದು, ನಿಮ್ಗೆ ಬೇಕಾಗಿರೋದು ಏನು. ಹತ್ತು ಜನ ಗಟ್ಟಿ ಸ್ನೇಹಿತೆಯರಾ, ಕೆಲಸಕ್ಕೆ ಆಗೋ ಪರಿಚಯಗಳಾ, ಇರಕ್ಕೊಂದು ಮನೆಯಾ, ನಮ್ಮೋರು ಅಂತ ಅನ್ಸೋ ಜಾಗವಾ? ನಾಲ್ಕೂ ಬೇಕು ಅಂದ್ರೆ ಒಂದೇ ಕಡೆ ಸಿಗಲ್ಲ.

ಪ್ಯಾನ್‌ಹೆಲೆನಿಕ್ ರಿಕ್ರೂಟ್‌ಮೆಂಟ್, ಅಂದ್ರೆ ಎಲ್ಲರೂ ರಶ್ ಅನ್ನೋದು

ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಶುರುವಾಗಿದ್ದು 1902ರಲ್ಲಿ, ಅದರ ಕೆಳಗೆ 26 ಸೊರೊರಿಟಿ ಇವೆ. ದೊಡ್ಡ ದೊಡ್ಡ ಮನೆ, ಒಂದೇ ಥರ ಡ್ರೆಸ್ ಹಾಕಿದ ನೂರಾರು ಹುಡುಗೀರು ಅಂತ ವೀಡಿಯೋಲಿ ನೋಡಿರ್ತೀರಲ್ಲ, ಅದೇ. ಬಹಳ ಕಡೆ ಕ್ಲಾಸ್ ಶುರುವಾಗೋ ಮುಂಚೆ ಅಥವಾ ಶುರುವಾದ ಹೊಸದ್ರಲ್ಲಿ ನಡೆಯತ್ತೆ, ವ್ಯಾಂಡರ್‌ಬಿಲ್ಟ್ ಥರದ ಕೆಲವು ಕಡೆ ಜನವರಿಲಿ. ಮೂರ್ನಾಲ್ಕು ರೌಂಡು. ಮೊದ್ಲು ಎಲ್ಲಾ ಚಾಪ್ಟರಿಗೂ (ಆ ಕ್ಯಾಂಪಸ್ಸಲ್ಲಿರೋ ಸೊರೊರಿಟಿ ಶಾಖೆ) ಹೋಗ್ತೀರಿ, ಆಮೇಲೆ ಕಮ್ಮಿ ಆಗ್ತಾ ಆಗ್ತಾ ಕೊನೆಗೆ ಪ್ರಿಫರೆನ್ಸ್ ರೌಂಡಿಗೆ ಒಂದೋ ಎರಡೋ ಉಳಿಯತ್ತೆ.

ಮಾತುಕತೆ ಹೆಂಗಿರತ್ತೆ ಅಂತ ಗೊತ್ತಿರಲಿ. ಒಬ್ಬಳು ಬಂದು ನಿಮ್ಮನ್ನ ಕೈ ಹಿಡ್ದು ಒಳಗೆ ಕರ್ಕೊಂಡು ಹೋಗ್ತಾಳೆ, ಕೆಲವೇ ನಿಮಿಷ ಮಾತಾಡ್ತಾಳೆ, ಅಷ್ಟರಲ್ಲಿ ಇನ್ನೊಬ್ಬಳು ಬಂದು ಭುಜ ಮುಟ್ಟಿ ಆ ಜಾಗಕ್ಕೆ ಬರ್ತಾಳೆ, ಗಲಾಟೆ ಎಷ್ಟಿರತ್ತೆ ಅಂದ್ರೆ ಕಿವಿ ಹತ್ರ ಬಾಗಿ ಮಾತಾಡ್ಬೇಕು. ಎಲ್ಲರೂ ಕೇಳೋದು ಅದೇ, ಯಾವ ಡಾರ್ಮು, ಯಾವ ಮೇಜರ್, ಯಾವ ಇಯರ್. ಅಲ್ಲೇ ನಮ್ಮೋರು ತಡವರಿಸೋದು. "ನಾನು ಆಕ್ಚುಲಿ ಫ್ರೆಶ್‌ಮನ್ ಅಲ್ಲ, ಸಾರಿ, ಕಮ್ಯೂನಿಟಿ ಕಾಲೇಜಿಂದ..." ಅಂತ ಕ್ಷಮೆ ಕೇಳೋ ಥರ ಶುರು ಮಾಡ್ತಾರೆ. ಸಾರಿ ಯಾಕೆ ಬೇಕು? "ನಾನು ಡಿ ಆಂಜಾ ಕಾಲೇಜಿಂದ ಟ್ರಾನ್ಸ್‌ಫರ್ ಆಗಿ ಬಂದೆ, ಇನ್ನೂ ಎರಡು ವರ್ಷ ಇಲ್ಲೇ ಇರ್ತೀನಿ, ಬಂದ ತಕ್ಷಣ ಕೆಲಸಕ್ಕೆ ಸೇರ್ಕೊಳ್ಳಕ್ಕೆ ರೆಡಿ" ಅನ್ನಿ ಸಾಕು. ಅವರ ಮನಸಲ್ಲಿರೋ ಲೆಕ್ಕ ಏನಂದ್ರೆ ಈ ಹುಡುಗಿ ಎಷ್ಟು ವರ್ಷ ಡ್ಯೂಸ್ ಕಟ್ಟಿ ಕೆಲಸ ಮಾಡ್ತಾಳೆ ಅಂತ, ಆ ಲೆಕ್ಕಕ್ಕೆ ನೀವೇ ನೇರ ಉತ್ತರ ಕೊಟ್ಬಿಡಿ.

ಹೌದು, ಇಲ್ಲಿ ಫ್ರೆಶ್‌ಮನ್‌ಗಳಿಗೆ ಒಲವು ಇದೆ, ಮುಚ್ಚಿಟ್ಟು ಪ್ರಯೋಜನ ಇಲ್ಲ. ಪ್ರತಿ ಚಾಪ್ಟರ್ ಇಷ್ಟೇ ಜನರನ್ನ ತಗೋಬಹುದು ಅಂತ ಕೋಟಾ ಇರತ್ತೆ, ಕೆಲವು ದೊಡ್ಡ ಕ್ಯಾಂಪಸ್‌ಗಳಲ್ಲಿ ಮೇಲಿನ ವರ್ಷದೋರಿಗೆ ಅಂತ್ಲೇ ಬೇರೆ ಕೋಟಾ ಇಡ್ತಾರೆ. ನಿಮ್ಮ ಕ್ಯಾಂಪಸ್‌ನಲ್ಲಿ ಅದು ಇದ್ಯಾ ಅಂತ ಮೊದ್ಲೇ ಕೇಳಿ, ಇದ್ರೆ ನಿಮ್ಮ ಸ್ಪರ್ಧೆ ಬೇರೆ ಟ್ರಾನ್ಸ್‌ಫರ್‌ಗಳ ಜೊತೆ, ಇಲ್ದಿದ್ರೆ ನೂರಾರು ಹದಿನೆಂಟರ ಹುಡುಗೀರ ಜೊತೆ.

ಇನ್ನೊಂದು, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಪ್ರಿಫರೆನ್ಸ್ ರೌಂಡ್ ಆದ್ಮೇಲೆ ಒಂದು ಒಪ್ಪಂದಕ್ಕೆ ಸಹಿ ಹಾಕ್ತೀರಿ. ಅದ್ರಲ್ಲಿ ನೀವು ಬರ್ದಿರೋ ಚಾಪ್ಟರಿಂದ ಬಿಡ್ (ಸೇರಕ್ಕೆ ಕೊಡೋ ಆಹ್ವಾನ) ಬಂದು, ನೀವು ಬೇಡ ಅಂದ್ರೆ, ಆ ಕ್ಯಾಂಪಸ್‌ನಲ್ಲಿ ಮುಂದಿನ ವರ್ಷದ ರಿಕ್ರೂಟ್‌ಮೆಂಟ್ ತನಕ ಬೇರೆ ಯಾವ ಪ್ಯಾನ್‌ಹೆಲೆನಿಕ್ ಸೊರೊರಿಟಿನೂ ಸೇರಕ್ಕಾಗಲ್ಲ. ಫ್ರೆಶ್‌ಮನ್‌ಗೆ ಒಂದು ವರ್ಷ ಹೋದ್ರೆ ಇನ್ನೂ ಮೂರು ಇದೆ. ಎರಡು ವರ್ಷ ಇರೋ ಟ್ರಾನ್ಸ್‌ಫರ್‌ಗೆ ಅರ್ಧ ಕಾಲೇಜೇ ಹೋಯ್ತು. ಮನಸ್ಸಿಲ್ಲದ ಹೆಸರನ್ನ ಸುಮ್ನೆ ಇರ್ಲಿ ಅಂತ ಬರೀಬೇಡಿ, ಒಂದೇ ಹೆಸರು ಬರೆಯೋಕೂ ಅವಕಾಶ ಇದೆ, ಆಗ ಎಲ್ಲೂ ಸಿಗದೇ ಹೋಗೋ ಅಪಾಯ ಜಾಸ್ತಿ ಅಷ್ಟೇ.

ಖರ್ಚು ಇಲ್ಲೇ ಎಲ್ಲಕ್ಕಿಂತ ಜಾಸ್ತಿ. ಮನೆ ಇಲ್ದಿರೋ ಸಣ್ಣ ಕ್ಯಾಂಪಸ್‌ಲಿ ಸೆಮಿಸ್ಟರಿಗೆ ಕೆಲವು ನೂರು ಡಾಲರಲ್ಲಿ ಮುಗಿಬಹುದು, ಅಲಬಾಮ ಥರದ ದಕ್ಷಿಣದ ದೊಡ್ಡ ಕ್ಯಾಂಪಸ್‌ಗಳಲ್ಲಿ ಸಾವಿರಗಟ್ಟಲೆ. ಒಂದು ವರ್ಷ ಹೌಸ್‌ಲೇ ಇರ್ಬೇಕು ಅನ್ನೋ ರೂಲ್ ಕೂಡ ಕೆಲವು ಚಾಪ್ಟರಲ್ಲಿದೆ, ಅಪಾರ್ಟ್‌ಮೆಂಟ್ ಲೀಸಿಗೆ ಸಹಿ ಹಾಕೋ ಮುಂಚೆ ಕೇಳ್ಕೊಳ್ಳಿ. ಸಸ್ಯಾಹಾರಿಗಳು ಹೌಸ್‌ನ ವಾರದ ಮೆನು ತೋರ್ಸಿ ಅನ್ನಿ, ಕೇಳಕ್ಕೆ ಸಂಕೋಚ ಬೇಡ, ದುಡ್ಡು ಕಟ್ಟಿ ದಿನಾ ಸಲಾಡ್ ತಿನ್ನೋದು ಯಾರಿಗೆ ಬೇಕು.

ಅದೇ ಸೊರೊರಿಟಿ, ಪಕ್ಕದ ಬಾಗಿಲು

ರಶ್ ಮುಗಿದ್ಮೇಲೂ ಜಾಗ ಉಳಿದಿರೋ ಚಾಪ್ಟರ್‌ಗಳು ಕಂಟಿನ್ಯೂಯಸ್ ಓಪನ್ ಬಿಡ್ಡಿಂಗ್ ಮಾಡ್ತವೆ, ಸಿಒಬಿ ಅಂತಾರೆ. ರೌಂಡು ಗೀಂಡು ಇಲ್ಲ, ಕಾಫಿಗೆ ಕರೀತಾರೆ, ಒಂದು ಡಿನ್ನರು, ಒಂದು ಈವೆಂಟು, ಎರಡೂ ಕಡೆ ಒಪ್ಪಿಗೆ ಆದ್ರೆ ಬಿಡ್ಡು. ನಮ್ಮ ಥರದೋರಿಗೆ ಇದೇ ಎಷ್ಟೋ ವಾಸಿ ಅಂತ ನನ್ನ ಗಟ್ಟಿ ಅಭಿಪ್ರಾಯ. ಕೆಲವೇ ನಿಮಿಷದ ಗಲಾಟೇಲಿ ನಿಮ್ಮ ಕಥೆ ಹೇಳಕ್ಕಾಗಲ್ಲ, ಒಂದು ಗಂಟೆ ಕೂತು ಮಾತಾಡಿದ್ರೆ ಅದೇ ಕಥೆ ನಿಮ್ಮ ಬಲ ಆಗತ್ತೆ. ಜೊತೆಗೆ ಸ್ಪ್ರಿಂಗಲ್ಲಿ ಹೋದ್ರೆ ಆ ಹೊತ್ತಿಗೆ ನಿಮ್ಮ ಹೊಸ ಕಾಲೇಜಿನ ಒಂದು ಸೆಮಿಸ್ಟರ್ ಜಿಪಿಎ ಕೈಲಿರತ್ತೆ, ಹಳೇ ಟ್ರಾನ್ಸ್‌ಕ್ರಿಪ್ಟಿನ ತಲೆನೋವೇ ಬೇಡ.

ಕೊರತೆ ಏನಂದ್ರೆ ಆಯ್ಕೆ ಕಮ್ಮಿ. ಜನಪ್ರಿಯ ಚಾಪ್ಟರ್ ತುಂಬಿ ಹೋಗಿರತ್ತೆ, ಜಾಗ ಇರೋದು ಎರಡೋ ಮೂರೋ ಕಡೆ. ಯಾರ ಹತ್ರ ಜಾಗ ಇದೆ ಅಂತ ಅವರು ಜೋರಾಗಿ ಸಾರಲ್ಲ, ಪ್ಯಾನ್‌ಹೆಲೆನಿಕ್ ಆಫೀಸಲ್ಲಿ ಇಂಟರೆಸ್ಟ್ ಫಾರಮ್ ತುಂಬಿ ನೀವೇ ಬೆನ್ನತ್ತಬೇಕು. ಖರ್ಚಲ್ಲಿ ಏನೂ ವ್ಯತ್ಯಾಸ ಇಲ್ಲ, ಬಾಗಿಲು ಬೇರೆ ಆದ್ರೂ ಮನೆ ಅದೇ ತಾನೇ.

ಸೌತ್ ಏಷಿಯನ್ ಮತ್ತೆ ಮಲ್ಟಿಕಲ್ಚರಲ್

1998 ಒಂದೇ ವರ್ಷದಲ್ಲಿ ಮೂರು ಸೌತ್ ಏಷಿಯನ್ ಸೊರೊರಿಟಿ ಹುಟ್ಟಿದ್ವು. ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೇಗಾ, ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ. ಎಲ್ಲಾ ಸಂಸ್ಕೃತಿಯೋರೂ ಸೇರೋ ಮಲ್ಟಿಕಲ್ಚರಲ್ ಇದಕ್ಕಿಂತ ಹಳೇದು, ರಟ್ಗರ್ಸ್‌ನಲ್ಲಿ 1981ರಲ್ಲಿ ಮು ಸಿಗ್ಮಾ ಉಪ್ಸಿಲಾನ್ ಶುರುವಾಯ್ತು.

ಇಲ್ಲಿ ಒಂದು ವಿಚಿತ್ರ ಅನುಕೂಲ ಇದೆ. ಈ ಥರದ ಬಹಳ ಸೊರೊರಿಟಿಗಳು ಒಂದಷ್ಟು ಕಾಲೇಜ್ ಕ್ರೆಡಿಟ್ ಮುಗಿಸಿದೋರನ್ನೇ ತಗೋತಾರೆ, ಹಂಗಾಗಿ ಹೊಸ ಫ್ರೆಶ್‌ಮನ್‌ಗೆ ಬಾಗಿಲು ಮುಚ್ಚಿದ್ರೂ ಕಮ್ಯೂನಿಟಿ ಕಾಲೇಜಿಂದ ಬಂದೋಳಿಗೆ ತೆರೆದಿರಬಹುದು. ಟ್ರಾನ್ಸ್‌ಫರ್ ಕ್ರೆಡಿಟ್ ಲೆಕ್ಕಕ್ಕಿದ್ಯಾ ಅಂತ ಮಾತ್ರ ಆ ಚಾಪ್ಟರಿಗೇ ಕೇಳ್ಬೇಕು. ಮನೆ ಇರಲ್ಲ, ಹಂಗಾಗಿ ಖರ್ಚು ಸಾಮಾನ್ಯವಾಗಿ ಕಮ್ಮಿ. ಒಂದು ಬ್ಯಾಚಲ್ಲಿ ಬೆರಳೆಣಿಕೆ ಜನ ಇರ್ತಾರೆ, ಹೊಸ ಮೆಂಬರ್ ತರಬೇತಿಯ ವಾರಗಳನ್ನ ಒಟ್ಟಿಗೆ ಕಳೆದೋರು ಅಕ್ಕ ತಂಗಿಯರ ಥರ ಆಗಿಬಿಡ್ತಾರೆ, ಅಪ್ಪ ಅಮ್ಮಂಗೆ ಹೆಂಗೆ ಹೇಳೋದು ಅನ್ನೋದನ್ನೂ ಅವರಿಗೆ ವಿವರಿಸ್ಬೇಕಾಗಿಲ್ಲ.

ಆದ್ರೆ ಸಮಯ ತಿನ್ನತ್ತೆ. ಹದಿನೈದು ಜನರ ಚಾಪ್ಟರಲ್ಲಿ ಎಲ್ಲರಿಗೂ ಒಂದೊಂದು ಹುದ್ದೆ, ಸುಮ್ನೆ ಹಿಂದಿನ ಬೆಂಚಲ್ಲಿ ಕೂರೋ ಹಂಗಿಲ್ಲ. ವಾರಕ್ಕೆ 20 ಗಂಟೆ ಕೆಲಸ ಮಾಡ್ತಾ ಓದೋರು ಇದನ್ನ ಯೋಚ್ನೆ ಮಾಡಿ. ಹಾಡು ಕುಣಿತ ಬಹಳ ಕಡೆ ಹಿಂದಿ, ಪಂಜಾಬಿ ಕಡೆ ವಾಲಿರತ್ತೆ, ಕನ್ನಡದ ಹುಡುಗಿಗೆ ಮೊದಮೊದ್ಲು ಸ್ವಲ್ಪ ಹೊರಗೆ ಅನ್ಸಬಹುದು, ಹೋಗಿ ನೋಡಿ ತೀರ್ಮಾನ ಮಾಡಿ.

ಕಪ್ಪು ಸಮುದಾಯದ ಸೊರೊರಿಟಿಗಳು

ಹವರ್ಡ್ (Howard) ಯೂನಿವರ್ಸಿಟಿಲಿ 1908ರಲ್ಲಿ ಆಲ್ಫಾ ಕಪ್ಪಾ ಆಲ್ಫಾ, ಅಲ್ಲೇ 1913ರಲ್ಲಿ ಡೆಲ್ಟಾ ಸಿಗ್ಮಾ ಥೀಟಾ, 1920ರಲ್ಲಿ ಜೀಟಾ ಫೈ ಬೀಟಾ, ಇಂಡಿಯಾನಾಪೊಲಿಸ್‌ನಲ್ಲಿ 1922ರಲ್ಲಿ ಸಿಗ್ಮಾ ಗಾಮಾ ರೋ. ಕಮಲಾ ಹ್ಯಾರಿಸ್ ಹವರ್ಡ್‌ನಲ್ಲಿ ಓದೋವಾಗ ಸೇರಿದ್ದು ಆಲ್ಫಾ ಕಪ್ಪಾ ಆಲ್ಫಾನೇ. ಬೇರೆ ಜನಾಂಗದೋರಿಗೂ ಬಾಗಿಲು ಇದೆ, ಆದ್ರೆ ಬೇರೆ ಕಡೆ ಸಿಗ್ಲಿಲ್ಲ ಅಂತ ಇಲ್ಲಿಗೆ ಹೋಗೋದು ತಪ್ಪು. ಬೇರೆಲ್ಲ ಕಡೆ ಬಾಗಿಲು ಹಾಕಿದ ಕಾಲದಲ್ಲಿ ಕಪ್ಪು ಹೆಣ್ಮಕ್ಕಳು ತಮಗಾಗಿ ಕಟ್ಕೊಂಡ ಸಂಸ್ಥೆಗಳು ಇವು, ಆ ಇತಿಹಾಸ, ಆ ಸಮಾಜಸೇವೆ ನಿಮ್ದೂ ಅಂತ ನಿಜವಾಗ್ಲೂ ಅನ್ಸಿದ್ರೆ ಮಾತ್ರ. ಹೊಸಬರನ್ನ ತಗೊಳ್ಳೋ ಇಂಟೇಕ್ ಪ್ರತಿ ವರ್ಷ ನಡೆಯತ್ತೆ ಅನ್ನೋ ಖಾತ್ರಿ ಇಲ್ಲ, ನಾನು ಸೇರ್ತೀನಿ ಅಂತ ಎಲ್ಲರ ಹತ್ರ ಹೇಳ್ಕೊಂಡು ಓಡಾಡೋದೂ ಇಲ್ಲಿ ಚೆನ್ನಾಗಿರಲ್ಲ.

ಒಂದು ವಿಷಯದಲ್ಲಿ ಇವು ಎಲ್ಲಕ್ಕಿಂತ ಮುಂದೆ. ಡಿಗ್ರಿ ಮುಗಿದೋರು ಸೇರೋ ಗ್ರ್ಯಾಜುಯೇಟ್ ಚಾಪ್ಟರ್‌ಗಳು ಊರೂರಲ್ಲಿ ಜೀವಂತ ಇವೆ, ಮೂವತ್ತು ನಲವತ್ತರಲ್ಲೂ ಹೆಂಗಸರು ಸೇರ್ತಾರೆ. ಕಾಲೇಜಲ್ಲಿ ಸಮಯ ಸಿಗ್ಲಿಲ್ಲ ಅನ್ನೋದು ಇಲ್ಲಿ ಕೊನೆ ಅಲ್ಲ.

ಇಂಜಿನಿಯರಿಂಗ್ ಓದೋರಿಗೆ, ಮತ್ತೆ ಇನ್ನೊಂದೆರಡು

ಆಲ್ಫಾ ಒಮೇಗಾ ಎಪ್ಸಿಲಾನ್ 1983ರಲ್ಲಿ ಮಾರ್ಕೆಟ್ (Marquette) ಯೂನಿವರ್ಸಿಟಿಲಿ, ಫೈ ಸಿಗ್ಮಾ ರೋ 1984ರಲ್ಲಿ ಪರ್ಡ್ಯೂನಲ್ಲಿ ಶುರುವಾಗಿದ್ದು, ಎರಡೂ ಇಂಜಿನಿಯರಿಂಗ್ ಮತ್ತೆ ತಾಂತ್ರಿಕ ವಿಷಯ ಓದೋ ಹುಡುಗೀರದ್ದು. ಮಿಡ್‌ಟರ್ಮ್ ವಾರದಲ್ಲಿ ಪಾರ್ಟಿ ಯಾಕೆ ಬರ್ಲಿಲ್ಲ ಅಂತ ಯಾರೂ ಕೇಳಲ್ಲ, ಎಲ್ಲರೂ ಅದೇ ಥರ್ಮೋಡೈನಾಮಿಕ್ಸ್ ಪರೀಕ್ಷೆಗೆ ಕೂತಿರ್ತಾರೆ. ಓದಿನ ದಾರಿ ಬೇರೆ ಇದ್ದೋರಿಗೆ ಮಾತು ಶುರು ಮಾಡಕ್ಕೆ ಮೇಜರೇ ಸಾಕು. ನಿಮ್ಮ ಕ್ಯಾಂಪಸ್‌ನಲ್ಲಿ ಚಾಪ್ಟರ್ ಇದ್ರೆ ಬಿಡ್ಬೇಡಿ.

ಹುಡುಗ್ರು ಹುಡುಗೀರು ಇಬ್ಬರೂ ಇರೋ ಪ್ರೊಫೆಷನಲ್ ಸಂಘಗಳು ಬೇರೆ, ಬಿಸಿನೆಸ್‌ಗೆ ಆಲ್ಫಾ ಕಪ್ಪಾ ಸೈ, ಇಂಜಿನಿಯರಿಂಗ್‌ಗೆ ಥೀಟಾ ಟೌ. ಕೆಲಸದ ಪರಿಚಯ ಮಾತ್ರ ಬೇಕು ಅಂದ್ರೆ ಇವೇ ಸಾಕು. ಟ್ರಾನ್ಸ್‌ಫರ್‌ಗಳಿಗೆ ಟೌ ಸಿಗ್ಮಾ, ದೊಡ್ಡ ವಯಸ್ಸಲ್ಲಿ ಓದೋರಿಗೆ ಆಲ್ಫಾ ಸಿಗ್ಮಾ ಲ್ಯಾಂಬ್ಡಾ ಅಂತ ಹಾನರ್ ಸೊಸೈಟಿಗಳಿವೆ, ರೆಸ್ಯುಮೇಗೆ ಒಳ್ಳೇದು, ಗೆಳೆತನ ಅಲ್ಲಿ ಹುಡುಕ್ಬೇಡಿ.

ಹಂಗಾದ್ರೆ ಯಾರಿಗೆ ಯಾವ್ದು

ಬೇ ಏರಿಯಾದಲ್ಲಿ ಕಮ್ಯೂನಿಟಿ ಕಾಲೇಜ್ ಮುಗ್ಸಿ ಯುಸಿ ಡೇವಿಸ್‌ಗೋ ಅರ್ವೈನ್‌ಗೋ ಜೂನಿಯರ್ (ಮೂರನೇ ವರ್ಷದೋಳು) ಆಗಿ ಹೋಗ್ತಿರೋರು: ನಿಮ್ಗಿರೋದು ಆರು ಕ್ವಾರ್ಟರ್, ಅಂದ್ರೆ ಎರಡು ವರ್ಷ. ಕ್ಯಾಂಪಸ್‌ಗೆ ಹೋದ ಮೊದಲ ಫಾಲ್‌ನಲ್ಲೇ ಕೈ ಹಾಕಿ, ರಶ್‌ಗೂ ರಿಜಿಸ್ಟರ್ ಆಗಿ, ಸೌತ್ ಏಷಿಯನ್ ಚಾಪ್ಟರಿನ ಇನ್ಫೋ ನೈಟ್‌ಗೂ ಹೋಗಿ, ಸಹಿ ಹಾಕೋವರೆಗೂ ಎರಡೂ ತೆರೆದಿರಲಿ. ಮುಂದಿನ ವರ್ಷ ನೋಡೋಣ ಅನ್ನೋ ಸೌಕರ್ಯ ನಿಮ್ಗಿಲ್ಲ.

ಸಿಯಾಟಲ್ ಕಡೆ ರನ್ನಿಂಗ್ ಸ್ಟಾರ್ಟ್‌ನಲ್ಲಿ ಹೈಸ್ಕೂಲ್ ಜೊತೆಗೇ ಕಾಲೇಜ್ ಕ್ರೆಡಿಟ್ ಮಾಡ್ಕೊಂಡು ಬಂದೋರು: ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಅಡ್ಮಿಷನ್ನಿಗೆ ನಿಮ್ಮನ್ನ ಫ್ರೆಶ್‌ಮನ್ ಅಂತ್ಲೇ ನೋಡತ್ತೆ, ಆದ್ರೆ 90 ಕ್ರೆಡಿಟ್ ಇದ್ರೆ ಲೆಕ್ಕದಲ್ಲಿ ಜೂನಿಯರ್. ವಯಸ್ಸು, ಡಾರ್ಮು, ಸ್ನೇಹಿತರು ಎಲ್ಲಾ ಫ್ರೆಶ್‌ಮನ್‌ದೇ, ಹಂಗಾಗಿ ರಶ್ ನಿಮ್ಗೆ ಚೆನ್ನಾಗೇ ಹೊಂದತ್ತೆ. ಎರಡೇ ವರ್ಷಕ್ಕೆ ಡಿಗ್ರಿ ಮುಗಿಸ್ತೀರಾ ಇಲ್ಲಾ ಡಬಲ್ ಮೇಜರ್ ಮಾಡಿ ಮೂರ್ನಾಲ್ಕು ವರ್ಷ ಇರ್ತೀರಾ ಅನ್ನೋದನ್ನ ಮೊದ್ಲು ತೀರ್ಮಾನ ಮಾಡಿ, ಯಾಕಂದ್ರೆ ಕೇಳೇ ಕೇಳ್ತಾರೆ.

ಮನೇಲಿ ಓದಿದೋರು, ಜಿಇಡಿಯೋರು, ಗ್ಯಾಪ್ ತಗೊಂಡೋರಿಗೆ ಮುಂದೆ ನಾಲ್ಕೂ ವರ್ಷ ಇದೆ. ನಾನಾದ್ರೆ ಮೊದಲ ಸೆಮಿಸ್ಟರ್ ಓದು ಗಟ್ಟಿ ಮಾಡ್ಕೊಂಡು ಸ್ಪ್ರಿಂಗಲ್ಲಿ ಸಿಒಬಿಗೆ ಹೋಗಿ ಅಂತೀನಿ. ಗುಂಪಲ್ಲಿ ಇದ್ದು ಅಭ್ಯಾಸ ಇಲ್ದಿರೋರಿಗೆ ಆ ರಶ್ ವಾರ ತುಂಬ ಹಿಂಡತ್ತೆ.

ಇಪ್ಪತ್ತೇಳಕ್ಕೋ ಮೂವತ್ತಕ್ಕೋ ಓದಕ್ಕೆ ಬಂದೋರಿಗೆ ವಯಸ್ಸಿನ ರೂಲ್ ಸಾಮಾನ್ಯವಾಗಿ ಅಡ್ಡ ಬರಲ್ಲ, ಸಂಜೆ ಏಳಕ್ಕೆ ಮಗು ಮಲಗಿಸ್ಬೇಕಾದಾಗ ಚಾಪ್ಟರ್ ಮೀಟಿಂಗ್ ಅಡ್ಡ ಬರತ್ತೆ. ಸಣ್ಣ ಮಲ್ಟಿಕಲ್ಚರಲ್ ಚಾಪ್ಟರ್ ಒಪ್ಪಿದ್ರೆ ಸರಿ, ಇಲ್ದಿದ್ರೆ, ಕಪ್ಪು ಸಮುದಾಯದ ಆ ಸಂಸ್ಥೆಗಳು ನಿಮ್ದೂ ಅಂತ ನಿಜವಾಗ್ಲೂ ಅನ್ಸಿದ್ರೆ, ಡಿಗ್ರಿ ಮುಗಿಸಿ ಅವರ ಗ್ರ್ಯಾಜುಯೇಟ್ ಚಾಪ್ಟರ್ ಕಡೆ ನೋಡಿ.

ಎಫ್‌-1 (ವಿದ್ಯಾರ್ಥಿ) ವೀಸಾದಲ್ಲಿರೋರು ಸೇರೋದ್ರಲ್ಲಿ ವೀಸಾಗೆ ಏನೂ ತೊಂದ್ರೆ ಇಲ್ಲ. ಆದ್ರೆ ಡ್ಯೂಸ್ ಕಮ್ಮಿ ಮಾಡ್ತೀವಿ, ಹೌಸ್ ಅಡುಗೆಮನೇಲಿ ಕೆಲಸ ಮಾಡು ಅಂದ್ರೆ ಒಪ್ಕೊಳ್ಳೋ ಮುಂಚೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್ ಆಫೀಸಲ್ಲಿ ಕೇಳಿ, ಅದು ಉದ್ಯೋಗ ಅಂತ ಲೆಕ್ಕ ಆಗಬಹುದು.

ಯಾವ್ದೇ ಆಗಲಿ, ಬಿಡ್ ಒಪ್ಪೋ ಮುಂಚೆ ಕಾಲೇಜಿನ ಹೇಜಿಂಗ್ ರಿಪೋರ್ಟ್ ಓದಿ. ಹೊಸಬರನ್ನ ರ‍್ಯಾಗಿಂಗ್ ಮಾಡೋದನ್ನ ಇಲ್ಲಿ ಹೇಜಿಂಗ್ ಅಂತಾರೆ, ಅದ್ರಿಂದ ಮಕ್ಕಳು ಸತ್ತಿದ್ದಾರೆ, ಅಪ್ಪ ಅಮ್ಮಂದಿರ ಭಯ ಸುಳ್ಳಲ್ಲ. 2024ರ ಡಿಸೆಂಬರಲ್ಲಿ ಬಂದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಪ್ರಕಾರ ಯಾವ ಸಂಘ ತಪ್ಪು ಮಾಡಿ ಸಿಕ್ಕಿಬಿತ್ತು ಅಂತ ಕಾಲೇಜುಗಳು ಎಲ್ಲರಿಗೂ ಕಾಣೋ ಹಂಗೆ ಪ್ರಕಟಿಸ್ಬೇಕು. ಕಾಲೇಜ್ ವೆಬ್‌ಸೈಟಲ್ಲಿ ಸಿಗತ್ತೆ, ಚಾಪ್ಟರ್ ಹೆಸರು ಹುಡುಕಿ, ಅಮ್ಮನ ಜೊತೆ ಕೂತು ಓದಿ. ಆಮೇಲೆ ಚಾಪ್ಟರಿನ ಖಜಾಂಚಿಗೆ ಎರಡೇ ಪ್ರಶ್ನೆ: ಹೋದ ವರ್ಷ ಒಬ್ಬ ಹೊಸ ಮೆಂಬರ್‌ಗೆ ಎಲ್ಲಾ ಸೇರಿ ಎಷ್ಟು ಖರ್ಚಾಯ್ತು, ಕಂತಲ್ಲಿ ಕಟ್ಟಬಹುದಾ. ಉತ್ತರ ಈಮೇಲಲ್ಲಿ ತರ್ಸ್ಕೊಳ್ಳಿ, ಬಾಯಿಮಾತು ಸಾಲಲ್ಲ.